ಗೋದುಬಾಯಿಯವರ ಕೆಂಪು ಕಾರು

ದಾಂಡೇಲಿ
೯ ಜನವರಿ ೨೦೨೫

ವೀರೇಶಾ,

ಐದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನ್ ಮಾಡೋಣವೆಂದೇ ಇದ್ದೆ, ಡಯಾನಾ ಕೈಯಿಂದ ಕಸಿದುಕೊಂಡಳು. "ಫೋನ್ ಹಚ್ಚಿದ್ರ ಎರಡ ಮಿನಿಟಿನ್ಯಾಗ ಇಬ್ರೂ ಬೈದಾಡ್ತೀರಿ. ಕಾಗದಾ ಬರೀರಿ. ಬೈಗುಳ ಬರಿಯೂದ್ರಾಗ ಕೈ ಸೋತು ಸುಮ್ಮನಾಗ್ತೀರಿ," ಅಂದಳು. ಹೆಂಡತಿಯ ಮಾತು ಕೇಳಿ ಕುಳಿತಿದ್ದೇನೆ. ಕುಳಿತಿದ್ದೇನೆ ಎಂದರೆ ಸುಳ್ಳು. ನಾಲ್ಕು ಸಾಲಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೇನೆ.

ವಿಷಯ ಇದು. ನಾವಿಬ್ಬರೂ ದುಡಿದ ಆ ಗ್ಯಾರೇಜಿನ ಜಾಗ ಮಾರಿಬಿಟ್ಟೆ. ಹೋಮ್‌ಸ್ಟೇ ನಡೆಸುವವನೊಬ್ಬ ಒಂಬತ್ತು ಲಕ್ಷ ಕೊಟ್ಟ. ಮಾರ್ಚ್ ಕೊನೆಗೆ ಖಾಲಿ ಮಾಡಬೇಕು. ಮಂಡಿ ಎರಡೂ ಹೋಗಿವೆ, ಜೀಪಿನ ಕೆಳಗೆ ಮಲಗಿದರೆ ಎಬ್ಬಿಸಲು ಇಬ್ಬರು ಬೇಕು. ನಲವತ್ತೊಂಬತ್ತಕ್ಕೇ ಈ ಗತಿ. ಇನ್ನು ಬದುಕುವುದೇನಿದ್ದರೂ ಈ ಒಂಬತ್ತು ಲಕ್ಷದ ಮೇಲೆಯೇ. ಡಯಾನಾ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ನೋಡಿದ್ದಾಳೆ, ಎಂಟು ಲಕ್ಷ. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಬಂದೇ ಬರುತ್ತದೆ ಎನ್ನುತ್ತಾಳೆ. ಸರಿಯೇ. ಆದರೆ ಹಳಿಯಾಳದ ಗೋದುಬಾಯಿಯವರು ಕಾರು ಮಾರುತ್ತಿದ್ದಾರೆ.

ಯಾವ ಕಾರು ಎಂದು ನಿನಗೆ ಹೇಳಬೇಕೇ? ಅದೇ ಕೆಂಪು ಟ್ರಯಂಫ್, ೧೯೫೭ರದ್ದು, ಎರಡೇ ಸೀಟು. ೨೦೦೯ರಲ್ಲಿ ಅಪ್ಪ ತೀರಿಕೊಳ್ಳುವವರೆಗೂ ಬೇರೆ ಮಿಸ್ತ್ರಿ ಪಾನಾ ಹಚ್ಚಿ ಅದರ ಒಂದು ನಟ್ಟು ತಿರುವಿರಲಿಲ್ಲ. ಗೋದುಬಾಯಿಯವರ ಯಜಮಾನರು ಹಾಸಿಗೆ ಹಿಡಿದ ಮೇಲೆ, ೨೦೧೩ರಿಂದ, ಕೊಟ್ಟಿಗೆಯಲ್ಲಿ ತಾಡಪತ್ರಿಯ ಕೆಳಗೆ ಸುಮ್ಮನೆ ನಿಂತಿದೆ. ಈಗ ಇಬ್ಬರು ಹೆಣ್ಣುಮಕ್ಕಳಿಗೆ ಹಂಚಬೇಕಂತೆ, ಕಾರನ್ನು ಹಂಚಲಿಕ್ಕಾಗದು. ನಿಂತ ಸ್ಥಿತಿಯಲ್ಲಿ ಎಂಟು ಲಕ್ಷ ಎಂದಿದ್ದಾರೆ. ಇಂಥ ಹಳೆಯ ಗಾಡಿ ಓಡುವಂತಾದರೆ, ಕಾಗದಪತ್ರ ಸರಿಯಿದ್ದರೆ, ಅದರ ಎರಡು ಪಟ್ಟು ಕೊಡುವವರಿದ್ದಾರೆ. ವರ್ಷ ಹೋದಂತೆ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆರ್‌ಸಿ ಪುಸ್ತಕದ ಎಂಜಿನ್ ನಂಬರಿಗೂ ಬ್ಲಾಕಿನ ಮೇಲೆ ಕೊರೆದ ನಂಬರಿಗೂ ತಾಳೆ ನೋಡಿದೆ. ಒಂದಂಕಿ ವ್ಯತ್ಯಾಸವಿಲ್ಲ. ಹುಟ್ಟಿದಾಗಿನ ಎಂಜಿನ್ನೇ ಇರುವ ಗಾಡಿ ಈ ದೇಶದಲ್ಲಿ ಎಷ್ಟು ಸಿಗುತ್ತವೆ ಹೇಳು!

ಡಯಾನಾ ಏನಂದಳು ಗೊತ್ತೇ? "ಅದ್ರಾಗ ಕೂಡೂದು ಇಬ್ರು. ನಮ್ಮ ಮನ್ಯಾಗ ಐದು ಮಂದಿ ಅದೀವಿ."

ಒಮ್ಮೆ ಬಂದು ಎಂಜಿನ್ ನೋಡಿ ಹೋಗು. ನನ್ನ ಕಣ್ಣು ಚೆನ್ನಾಗಿದೆ, ಕಿವಿ ನಿನ್ನದು. ಕರೆದೆನೆಂದು ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ಇದು ವ್ಯವಹಾರ.

ಜೆರಾಲ್ಡ್


ಮುಂಡಗೋಡ
೨೧ ಜನವರಿ ೨೦೨೫

ಜೆರಾಲ್ಡ್,

ನಿನ್ನ ಕಾಗದ ಸಂತೆಯ ದಿನ ಬಂತು. ಅಂಗಡಿ ತುಂಬ ರಿಪೇರಿಗೆ ಬಂದ ಟಿಲ್ಲರ್, ಪಂಪ್‌ಸೆಟ್ಟು. ಟಿಬೆಟ್ ಕ್ಯಾಂಪಿನ ಮುದುಕರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಓದಿ ಕಿಸೆಯಲ್ಲಿಟ್ಟುಕೊಂಡೆ. ಆಮೇಲೆ ಮುದುಕರ ಟ್ರ್ಯಾಕ್ಟರಿಗೆ ಎಣ್ಣೆ ಹಾಕುವುದನ್ನೇ ಮರೆತು ಕಳಿಸಿದೆ. ಅವರು ಅರ್ಧ ದಾರಿಯಿಂದ ತಿರುಗಿ ಬಂದರು, ಪುಣ್ಯ.

ಆ ಕಾರು ತೆಗೆದುಕೊಳ್ಳಬೇಡ.

ಹನ್ನೆರಡು ವರ್ಷ ನಿಂತ ಗಾಡಿ. ರಬ್ಬರು, ವೈರು, ಬ್ರೇಕು, ಪೆಟ್ರೋಲ್ ಟಾಂಕಿ ಎಲ್ಲ ಹೋಗಿರುತ್ತವೆ. ಒಂದು ಸಣ್ಣ ವಾಶರ್ ಬೇಕೆಂದರೂ ಹೊರದೇಶದಿಂದ ತರಿಸಬೇಕು. ಗಾಡಿಯ ಮೇಲ್ಛಾವಣಿ ಬರೀ ಬಟ್ಟೆಯದು, ನಮ್ಮ ಮಳೆಗೆ ತಡೆಯುವುದಿಲ್ಲ. ನಾಳೆ ನಿನ್ನ ಮಗಳ ಫೀಸಿಗೆ ಹತ್ತು ಸಾವಿರ ಬೇಕಾದರೆ ಕಾರಿನ ಒಂದು ಬಾಗಿಲು ಮಾರಲಿಕ್ಕೆ ಬರುತ್ತದೆಯೇ? ಕೊಳ್ಳುವವನು ಬರುವವರೆಗೆ ಅದು ಬರೀ ಕೆಂಪು ತಗಡು. ಡಯಾನಾ ವೈನಿ ನೋಡಿದ ಮಳಿಗೆಯೇ ಒಳ್ಳೆಯದು. ಅದನ್ನು ಹಿಡಿ.

ನೀನು ಕರೆದೆ, ಬರಲಾರೆ. ಕೆಲಸ ಬಹಳ. ಇದು ಮೂರನೇ ಸಲ ಬರೆಯುತ್ತಿರುವ ಕಾಗದ, ಮೊದಲಿನ ಎರಡನ್ನು ಒಲೆಗೆ ಹಾಕಿದೆ. ಇದನ್ನಾದರೂ ಕಳಿಸಿಬಿಡುತ್ತೇನೆ.

ವೀರೇಶ


ದಾಂಡೇಲಿ
೫ ಫೆಬ್ರವರಿ ೨೦೨೫

ವೀರೇಶಾ,

ವಾಶರಂತೆ, ಬಟ್ಟೆಯಂತೆ, ಮಳೆಯಂತೆ! ವಾಶರ್ ಸಿಗುವುದಿಲ್ಲ ಎಂದು ಯಾರಿಗೆ ಹೇಳುತ್ತೀಯಪ್ಪಾ? ಜಿಲ್ಲೆಯಲ್ಲಿ ಸಿಗದ ಸಾಮಾನನ್ನೆಲ್ಲ ಲೇತಿನಲ್ಲಿ ಮಾಡಿ ಕೂಡಿಸುತ್ತಿದ್ದವನು ನೀನೇ. ನಿನ್ನ ಕಾಗದ ಓದಿ ನನಗೆ ತಿಳಿದದ್ದು ಒಂದೇ: ನಿನಗೆ ಹೊಟ್ಟೆಕಿಚ್ಚು. ನೀನು ಕೆಸರು ಮೆತ್ತಿದ ಟಿಲ್ಲರ್ ತೊಳೆಯುತ್ತಿರುವಾಗ ಜೆರಾಲ್ಡ್ ಟ್ರಯಂಫ್ ಓಡಿಸುತ್ತಾನೆ ಎಂಬುದು ನುಂಗಲಾಗುತ್ತಿಲ್ಲ.

ಇಲ್ಲವೆಂದರೆ ಅದು ಅಪ್ಪನ ಗಾಡಿ ಎಂಬ ಸಿಟ್ಟು. ಐದು ವರ್ಷದ ಹಿಂದೆ ಗಿರಾಕಿಗಳ ಎದುರಿಗೆ ನೀನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಮಾತು ಮಾತಿಗೆ ನಮ್ಮಪ್ಪ ಹಂಗ ಇದ್ದ, ಹಿಂಗ ಇದ್ದ ಅಂತೀಯಲ್ಲ, ನಿಮ್ಮಪ್ಪೇನು ದೇವರಲ್ಲೋ!" ನಾನು ಕೈಯಲ್ಲಿದ್ದ ಜಾಕಿಯ ಸರಳು ಎಸೆದೆ, ನೀನು ಚೀಲ ಎತ್ತಿಕೊಂಡು ಹೋದೆ. ಅಪ್ಪ ದೇವರು ಎಂದು ನಾನು ಯಾವತ್ತೂ ಅಂದಿಲ್ಲ. ಅಂತೋನಿ ಮಿಸ್ತ್ರಿ ಕೈ ಹಚ್ಚಿದ ಎಂಜಿನ್ನಿಗೆ ಎರಡನೇ ಮಾತಿಲ್ಲ ಎಂದಿದ್ದೆ. ಅದನ್ನು ಊರೇ ಅನ್ನುತ್ತದೆ.

ಇನ್ನೊಂದು ಸುದ್ದಿ ಕೇಳು, ಹೊಟ್ಟೆ ಇನ್ನಷ್ಟು ಉರಿಯಲಿ. ಪುಣೆಯಿಂದ ಹಳೆಯ ಕಾರು ಕೂಡಿಹಾಕುವ ಶ್ರೀಮಂತನೊಬ್ಬ ಜಾಡು ಹಿಡಿದು ಬಂದಿದ್ದ. ನನ್ನ ಕಪ್ಪು ಮುಖ, ಗುಂಗುರು ಕೂದಲು ನೋಡಿ ಪರದೇಶದವನೆಂದು ಇಂಗ್ಲಿಷಿನಲ್ಲಿ ಶುರು ಮಾಡಿದ, ನಾನು ಮರಾಠಿಯಲ್ಲಿ ಉತ್ತರ ಕೊಟ್ಟೆ. ಯಾವ ದೇಶ ಅಂದ, ಇಲ್ಲೇ ಹಳಿಯಾಳದ ಹತ್ತಿರ, ನಮ್ಮೂರು ಸಾಂಬ್ರಾಣಿ ಅಂದೆ. ಅವನಿಗೆ ನಿಂತ ಗಾಡಿ ಬೇಡ. ಓಡಿಸಿ ತೋರಿಸಿದರೆ, ಎಂಜಿನ್ ನಂಬರ್ ತಾಳೆಯಾಗುವುದು ಖಾತ್ರಿಯಾದರೆ, ಹದಿನಾರು ಲಕ್ಷ. ತಾಳೆಯಾಗದಿದ್ದರೆ ಐದರ ಮೇಲೆ ಒಂದು ರೂಪಾಯಿ ಇಲ್ಲವಂತೆ. ಗೋದುಬಾಯಿಯವರಿಗೆ ಇದನ್ನೂ ಮುಚ್ಚಿಡಲಿಲ್ಲ, ಹದಿನಾರು ಎಂದಿದ್ದಾನೆ ಎಂದು ಹೇಳಿದೆ. ಅವರು ನಕ್ಕರು. "ಓಡಸಾಂವ ನೀನು, ಮೈ ಮುರ್ಯಾಂವ ನೀನು. ನನಗ ಎಂಟು ಸಾಕೋ ತಮ್ಮಾ," ಅಂದರು.

ನಾನು ಮಾರುತ್ತೇನೋ ಇಟ್ಟುಕೊಳ್ಳುತ್ತೇನೋ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಮಾರಬೇಕೆನಿಸುತ್ತದೆ. ಸಂಜೆ ಹತ್ತು ವರ್ಷ ಕಾದರೆ ಎಷ್ಟಾದೀತು ಎನಿಸುತ್ತದೆ. ಈ ವಾರ ನಾಲ್ಕು ಸಲ ಹಳಿಯಾಳಕ್ಕೆ ಹೋಗಿ ಬಂದೆ, ಎರಡು ಸಲ ಸುಮ್ಮನೆ ಗೋಡೆಯಾಚೆಯಿಂದ ನೋಡಿ ಬಂದೆ.

ಜೆರಾಲ್ಡ್


ದಾಂಡೇಲಿ
೧೮ ಫೆಬ್ರವರಿ ೨೦೨೫

ವೀರೇಶಣ್ಣನವರಿಗೆ,

ಡಯಾನಾ ಬರೆಯುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ. ಗೊತ್ತಾದರೂ ನಾನು ಹೆದರುವುದಿಲ್ಲ.

ಅವರು ಗೋದುಬಾಯಿಯವರಿಗೆ ಒಂದು ಲಕ್ಷ ಮುಂಗಡ ಕೊಟ್ಟುಬಿಟ್ಟಿದ್ದಾರೆ. ನನಗೆ ತಿಳಿದದ್ದು ಬ್ಯಾಂಕಿನ ಮೆಸೇಜಿನಿಂದ. ಕೇಳಿದರೆ, "ಹೇಳಿದ್ರ ನೀ ಬ್ಯಾಡ ಅಂತಿದ್ದಿ," ಅಂದರು. ಹೌದು, ಅಂತಿದ್ದೆ. ಇಪ್ಪತ್ತೆರಡು ವರ್ಷ ಆ ಮನುಷ್ಯನ ಎಣ್ಣೆ ಅಂಗಿ ಒಗೆದಿದ್ದೇನೆ, ಬೇಡ ಎನ್ನಲು ನನಗೆ ಅಷ್ಟೂ ಅಧಿಕಾರವಿಲ್ಲವೇ? ಉಳಿದ ಏಳು ಲಕ್ಷ ಮಾರ್ಚ್ ಕೊನೆಗೆ ಕೊಡಬೇಕು. ಮಳಿಗೆಯವರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ.

ಮನೆಯಲ್ಲಿ ಅವರು ಇರುವಂತೆಯೇ ಇಲ್ಲ. ಊಟಕ್ಕೆ ಕುಳಿತವರು ತುತ್ತು ಬಿಟ್ಟು ಎದ್ದು ಹೋಗಿ ಫೋನಿನಲ್ಲಿ ಕಾರಿನ ರೇಟು ನೋಡುತ್ತಾರೆ. ಮೊನ್ನೆ ಇಗರ್ಜಿಯಲ್ಲಿ ಪಾದ್ರಿಯವರು ಪ್ರವಚನ ಮಾಡುವಾಗ ಎದ್ದು ಹೊರಗೆ ನಡೆದರು. ಎಲ್ಲರೂ ನನ್ನನ್ನೇ ನೋಡಿದರು.

ನಿಮ್ಮ ಕಾಗದ ನಾನೂ ಓದಿದ್ದೇನೆ ಅಣ್ಣಾ. ಮೂರನೇ ಸಲ ಬರೆಯುತ್ತಿದ್ದೇನೆ ಎಂದಿದ್ದೀರಿ. ಮಳೆ, ಬಟ್ಟೆ, ವಾಶರ್ ಬರೆಯಲಿಕ್ಕೆ ಯಾರೂ ಮೂರು ಸಲ ಬರೆಯುವುದಿಲ್ಲ. ಬೇರೆ ಏನೋ ಇದೆ, ನೀವು ನುಂಗುತ್ತಿದ್ದೀರಿ. ಅದು ಏನೇ ಇರಲಿ, ಹೇಳಿಬಿಡಿ. ನಮ್ಮದೆಲ್ಲ ಈ ದುಡ್ಡಿನಲ್ಲಿದೆ.

ಡಯಾನಾ


ಮುಂಡಗೋಡ
೨೪ ಫೆಬ್ರವರಿ ೨೦೨೫

ಜೆರಾಲ್ಡ್,

ಕುಳಿತುಕೊಂಡು ಓದು. ನಿಮ್ಮಪ್ಪನ ಹೆಸರು ಬರುತ್ತದೆ, ನಾನು ಮಾಮಾ ಎಂದು ಕರೆಯುತ್ತಿದ್ದವರದು.

೧೯೯೮ರ ಮಳೆಗಾಲ. ನೀನು ಮಡಗಾಂವದ ಗ್ಯಾರೇಜಿನಲ್ಲಿದ್ದೆ. ಗೋದುಬಾಯಿಯವರ ಯಜಮಾನರು ಕಾರು ತೆಗೆದುಕೊಂಡು ಜೋಯಿಡಾ ಕಡೆ ಹೋದಾಗ ಘಟ್ಟದಲ್ಲಿ ಎಂಜಿನ್ ಒಡೆಯಿತು. ಒಳಗಿನ ರಾಡು ಬ್ಲಾಕಿಗೆ ತೂತು ಕೊರೆದು ಹೊರಗೆ ಬಂದಿತ್ತು. ಲಾರಿಯಲ್ಲಿ ಹೇರಿಕೊಂಡು ತಂದರು. ಬೆಸುಗೆಗೆ ಬರುವಂಥದ್ದಲ್ಲ. ಯಾಕೆ ಒಡೆಯಿತು ಎಂಬುದು ಈಗ ಮುಖ್ಯವಲ್ಲ.

ಸಾಂಬ್ರಾಣಿಯ ಅಕ್ಕಿ ಗಿರಣಿಯ ಹಿಂದೆ ಬೂದು ಬಣ್ಣದ ಹಳೆಯ ಫರ್ಗ್ಯೂಸನ್ ಟ್ರ್ಯಾಕ್ಟರ್ ಬಿದ್ದಿತ್ತಲ್ಲ, ಮಕ್ಕಳು ಹತ್ತಿ ಆಡುತ್ತಿದ್ದರು. ಆ ಟ್ರ್ಯಾಕ್ಟರಿಗೂ ಈ ಕಾರಿಗೂ ಒಂದೇ ಜಾತಿಯ ಎಂಜಿನ್ ಎಂದು ಮಾಮಾಗೆ ಗೊತ್ತಿತ್ತು. ಗುಜರಿ ಭಾವಕ್ಕೆ ಅದನ್ನು ತಂದರು. ನಾವಿಬ್ಬರೇ ಬಾಗಿಲು ಹಾಕಿಕೊಂಡು ಹನ್ನೊಂದು ದಿನ ಕೆಲಸ ಮಾಡಿ ಅದನ್ನು ಕಾರಿಗೆ ಕೂಡಿಸಿದೆವು. ಕೊನೆಯ ದಿನ ಮಾಮಾ ಟ್ರ್ಯಾಕ್ಟರಿನ ನಂಬರನ್ನು ಕಬ್ಬಿಣ ತಿಕ್ಕುವ ಕಾನಸಿನಿಂದ ಉಜ್ಜಿ ತೆಗೆದರು. ಆರ್‌ಸಿ ಪುಸ್ತಕ ಎದುರಿಗಿಟ್ಟುಕೊಂಡು, ನಮ್ಮ ಪಾನಾಗಳಿಗೆ ಗುರುತು ಹೊಡೆಯುವ ಅಂಕಿ ಪಂಚುಗಳಿಂದಲೇ ಕಾರಿನ ನಂಬರು ಹೊಡೆದರು. ಬ್ಲಾಕ್ ಅಲುಗಾಡದಂತೆ ಹಿಡಿದುಕೊಂಡವನು ನಾನು. ಯಜಮಾನರಿಗೆ ಬೆಸುಗೆ ಹಾಕಿದ್ದೇವೆ ಎಂದರು. ಹಳೆಯ ಬ್ಲಾಕ್ ಹುಬ್ಬಳ್ಳಿಯ ಗುಜರಿಗೆ ಹೋಯಿತು.

ನನ್ನ ಮಾತು ನಂಬಬೇಡ. ಹೋಗಿ ಏಳನ್ನು ನೋಡು. ನಮ್ಮ ಏಳರ ಪಂಚಿನ ಕಾಲು ಮುರಿದಿತ್ತಲ್ಲ. ಕಾರಿನ ನಂಬರಿನಲ್ಲಿ ಎರಡು ಏಳುಗಳಿವೆ.

"ಜೆರಾಲ್ಡಗ ಇದು ಗೊತ್ತಾಗಬಾರದು," ಎಂದು ಮಾಮಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಇಪ್ಪತ್ತೇಳು ವರ್ಷ ಇಟ್ಟುಕೊಂಡೆ. ನೀನು ಬೇರೆ ಏನನ್ನು ಕೊಂಡಿದ್ದರೂ ಹೇಳುತ್ತಿರಲಿಲ್ಲ.

ವೀರೇಶ


ದಾಂಡೇಲಿ
೩೦ ಮಾರ್ಚ್ ೨೦೨೫

ವೀರೇಶ,

ನಿನ್ನ ಕಾಗದ ಬಂದ ದಿನವೇ ಹರಿದು ಹಾಕಿದೆ. ಮರುದಿನ ನೋಡಿದರೆ ಡಯಾನಾ ಚೂರುಗಳನ್ನೆಲ್ಲ ಆರಿಸಿ ಮೈದಾ ಅಂಟು ಹಚ್ಚಿ ಕೂಡಿಸಿಟ್ಟಿದ್ದಳು. "ಹರದ್ರ ಸುಳ್ಳಾಗ್ತೈತೇನು?" ಅಂದಳು. ಎದ್ದು ಹಳಿಯಾಳಕ್ಕೆ ಹೋದೆ.

ಕಿಸೆಯಲ್ಲಿ ಗ್ಯಾರೇಜಿನ ಹದಿನೇಳರ ಪಾನಾ ಇತ್ತು. ಸೀಮೆಎಣ್ಣೆ ಅರಿವೆಯಿಂದ ನಂಬರು ಒರೆಸಿ ಪಕ್ಕಕ್ಕೆ ಹಿಡಿದು ನೋಡಿದೆ. ಪಾನಾದ ಮೇಲಿನದೊಂದು, ಬ್ಲಾಕಿನ ಮೇಲಿನವೆರಡು, ಮೂರೂ ಏಳು ಕಾಲು ಮುರಿದವೇ, ಒಬ್ಬ ತಾಯಿಯ ಮಕ್ಕಳು. ಮೊದಲ ದಿನ ಇದೇ ನಂಬರನ್ನು ಮುಟ್ಟಿ ಖುಷಿಪಟ್ಟಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ ಎಂದು ನಿನಗೆ ಬರೆದಿದ್ದೆನಲ್ಲ, ನಾಚಿಕೆಯಾಯಿತು.

ನಾನು ಮಡಗಾಂವಕ್ಕೆ ಯಾಕೆ ಹೋಗಿದ್ದೆ, ನೆನಪಿದೆಯೇ? ಆ ವರ್ಷ ಫೆಬ್ರವರಿಯಲ್ಲಿ ಲಾರಿಯೊಂದಕ್ಕೆ ಹಳೆಯ ಬೇರಿಂಗ್ ಹಾಕಿ ಹೊಸದರ ದುಡ್ಡು ತೆಗೆದುಕೊಂಡಿದ್ದೆ. ಅಪ್ಪ ಗಿರಾಕಿಗಳ ಎದುರಿಗೇ ಕೆನ್ನೆಗೆ ಹೊಡೆದ. ಹಲ್ಲು ಅಲುಗಾಡಿತು. ಲಾರಿಯವನ ಕೈಗೆ ದುಡ್ಡು ತಿರುಗಿ ಕೊಡಿಸಿ, "ಕಳ್ಳಗ ನನ್ನ ಗ್ಯಾರೇಜಿನ್ಯಾಗ ಜಾಗಾ ಇಲ್ಲ," ಎಂದು ಗೋವಾಕ್ಕೆ ಅಟ್ಟಿದ. ಅಂದಿನಿಂದ ಇಂದಿನವರೆಗೆ ಒಬ್ಬ ಗಿರಾಕಿಯಿಂದ ಒಂದು ರೂಪಾಯಿ ಸುಳ್ಳು ಹೇಳಿ ತೆಗೆದುಕೊಂಡಿಲ್ಲ ನಾನು. ಆರು ತಿಂಗಳಾಗಿರಲಿಲ್ಲ, ಅದೇ ಮನುಷ್ಯ ಬಾಗಿಲು ಹಾಕಿಕೊಂಡು ಸುಳ್ಳು ನಂಬರು ಹೊಡೆದ. ಇದನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳು.

ಒಂದು ಮಾತು ಬರೆದುಬಿಡುತ್ತೇನೆ. ನೀನು ಬರೆಯದಿದ್ದರೆ ನಾನು ಪ್ರಾಮಾಣಿಕನಾಗಿಯೇ ಎಂಟು ಲಕ್ಷ ಗಳಿಸುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಅದೇ ದುಡ್ಡು ಕಳ್ಳತನದ್ದಾಯಿತು. ಹಾಗಾದರೆ ಮುಂಗಡ ಕೊಡುವ ಮೊದಲು ಬರೆಯಬೇಕಿತ್ತು, ಇಲ್ಲವೇ ಸಾಯುವವರೆಗೆ ಬರೆಯಬಾರದಿತ್ತು.

ನಾನು ಮೂರು ವಾರ ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಇದನ್ನೂ ತಿಳಿದುಕೋ. ಪ್ಲಗ್, ಕಾರ್ಬುರೇಟರ್, ಬ್ರೇಕು ಎಲ್ಲ ಬಿಚ್ಚಿ ಸ್ವಚ್ಛ ಮಾಡಿದೆ. ಇಪ್ಪತ್ತೊಂದಕ್ಕೆ ಎಂಜಿನ್ ಹೊತ್ತಿಕೊಂಡಿತು. ಏನು ಶಬ್ದವಪ್ಪಾ ಅದು! ಗೋದುಬಾಯಿಯವರು ಹೊರಗೆ ಓಡಿ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನ ಪುಣೆಯವನು ಬಂದ. ಬ್ಯಾಟರಿ, ಭೂತಕನ್ನಡಿ, ಆರ್‌ಸಿ ಪುಸ್ತಕ ಹಿಡಿದು ಅರ್ಧ ಗಂಟೆ ಬಗ್ಗಿ ನೋಡಿದ. ನಾನು ಹಿಂದೆ ನಿಂತಿದ್ದೆ. ಆಮೇಲೆ ಎದ್ದು, ಬೆನ್ನು ನೆಟ್ಟಗೆ ಮಾಡಿ, ನನ್ನ ಕೈ ಕುಲುಕಿದ. ಎಲ್ಲ ಅಸಲಿ, ದುಡ್ಡು ಇವತ್ತೇ ಹಾಕುತ್ತೇನೆ ಎಂದ. ಅಪ್ಪನ ಕೆಲಸ ಅಷ್ಟು ಚೊಕ್ಕ ಇತ್ತು.

ಬಾಯಿ ಮುಚ್ಚಿಕೊಂಡು ನಿಲ್ಲಬೇಕೆಂದೇ ಇದ್ದೆ. ದೇವರಾಣೆ ಇದ್ದೆ. ಅವನು ಫೋನ್ ತೆಗೆದು ನನ್ನ ಖಾತೆಯ ನಂಬರು ಕೇಳಿದ. ನಾನು, "ತಡೀರಿ ಸಾಹೇಬರ, ಆ ನಂಬರು ನಮ್ಮಪ್ಪ ಹೊಡದದ್ದು, ಇದು ಟ್ರ್ಯಾಕ್ಟರಿನ ಎಂಜಿನ್ನು," ಎಂದುಬಿಟ್ಟೆ. ಮರಾಠಿಯಲ್ಲಿ ಮಾತಾಡುತ್ತಿದ್ದವನಿಗೆ ಕನ್ನಡದಲ್ಲಿ ಹೇಳಿದೆ, ಗಾಬರಿಯಲ್ಲಿ. ಅವನಿಗೆ ತಿಳಿಯಲಿಲ್ಲ. ಗೋದುಬಾಯಿಯವರಿಗೆ ತಿಳಿಯಿತು.

"ಏನಂದಿ?" ಅಂದರು.

ಎಲ್ಲ ಹೇಳಿದೆ. ಅವರು ಕಟ್ಟೆಯ ಮೇಲೆ ಕುಳಿತರು. "ನಿಮ್ಮಪ್ಪಗ ದಸರಾದ ಖಂಡೇ ಪೂಜಿಗೆ ಪ್ರತಿ ವರ್ಷ ಧೋತರ ಕೊಡ್ತಿದ್ದೆ ನಾ," ಅಂದರು. "ಇಲ್ಲೇ ಕೂತು ಚಾ ಕುಡೀತಿದ್ದ. ಹನ್ನೊಂದು ವರ್ಷ ಸುಳ್ಳು ಇಟಗೊಂಡ ಕುಡದನೇನೋ ಜೆರಾಲ್ಡಾ?"

ನಾನು ಹೋಗಿ ಕಾರಿನ ಬಾನೆಟ್ ಮುಚ್ಚಿದೆ.

ಪುಣೆಯವನು ಐದು ಲಕ್ಷಕ್ಕೆ ಇಳಿದ. ಗೋದುಬಾಯಿಯವರು ಅವನನ್ನೂ ಬೈದು ಕಳಿಸಿದರು, ನನ್ನನ್ನೂ ಬೈದು ಕಳಿಸಿದರು. ನನ್ನ ಲಕ್ಷ ತಿರುಗಿ ಕೊಡುತ್ತೇನೆ ಎಂದಿದ್ದಾರೆ, ಯಾವಾಗ ಎಂದು ಹೇಳಿಲ್ಲ, ನಾನು ಕೇಳುವಂತಿಲ್ಲ. ಬಸ್ ನಿಲ್ದಾಣದ ಮಳಿಗೆ ಮೊಬೈಲ್ ಅಂಗಡಿಯವರ ಪಾಲಾಯಿತು. ಕಾರೂ ಇಲ್ಲ, ಮಳಿಗೆಯೂ ಇಲ್ಲ. ನಾಳೆ ಗ್ಯಾರೇಜಿನ ಕೀಲಿ ಕೊಡಬೇಕು.

ಜೆರಾಲ್ಡ್


ಕೋಗಿಲಬನ
೪ ಮೇ ೨೦೨೫

ವೀರೇಶ,

ಒಂದು ತಿಂಗಳಾಯಿತು, ನಿನ್ನಿಂದ ಎರಡು ಸಾಲಿಲ್ಲ. ಬೆಂಕಿ ಹಚ್ಚಿ ದೂರ ನಿಂತೆಯಾ?

ಈಗ ಇಲ್ಲಿದ್ದೇನೆ, ಡಯಾನಾಳ ಅಣ್ಣ ಪಾವ್ಲುವಿನ ಹಿತ್ತಿಲಲ್ಲಿ. ನಾಲ್ಕು ಕಂಬ, ಮೇಲೆ ತಗಡು, ಈಗ ಅದೇ ಗ್ಯಾರೇಜು. ಪಾವ್ಲು ಬಾಡಿಗೆ ಕೇಳುವುದಿಲ್ಲ, ಆದರೆ ದಿನಕ್ಕೆರಡು ಸಲ ಬಂದು ನಿಂತು ನಿಟ್ಟುಸಿರು ಬಿಡುತ್ತಾನೆ. ಅದು ಬಾಡಿಗೆಗಿಂತ ತುಟ್ಟಿ. ಕೈಯಲ್ಲಿ ಎಂಟು ಲಕ್ಷ ಇದೆ, ಅದನ್ನು ಮುಟ್ಟಲು ಈಗ ಹೆದರಿಕೆ. ಡಯಾನಾ ಬೇರೆ ಮಳಿಗೆ ಹುಡುಕುತ್ತಿದ್ದಾಳೆ. ರೇಟು ಏರಿದೆ.

ಅದಿರಲಿ. ಹಳಿಯಾಳದ ಕಟ್ಟೆಯ ಮೇಲೆ ಆಡಿದ ಮಾತು ಅಲ್ಲಿಯೇ ಉಳಿಯಲಿಲ್ಲ. ಅಂತೋನಿ ಮಿಸ್ತ್ರಿ ತಾನೇ ಎಂಜಿನ್ ಒಡೆದು, ಹೆಸರು ಉಳಿಸಿಕೊಳ್ಳಲಿಕ್ಕೆ ಕಳ್ಳ ನಂಬರು ಹೊಡೆದ ಎಂದು ಚಹದಂಗಡಿಯಲ್ಲಿ ಮಾತಾಡುತ್ತಾರೆ. ನಾನು ಒಳಗೆ ಕಾಲಿಟ್ಟರೆ ಸುಮ್ಮನಾಗುತ್ತಾರೆ. ಮೊದಲು ಬಂದವರು ಕಾಗದ ಕಾರ್ಖಾನೆಯಿಂದ ರಿಟೈರಾದ ಸಾತಪ್ಪನವರು, ಎಂಬತ್ತೊಂಬತ್ತರ ಜೀಪು ತೆಗೆದುಕೊಂಡು. "ಸುಮ್ನ ಒಂದ್ಸಲ ನಂಬರು ನೋಡಿಬಿಡೋ ತಮ್ಮಾ. ಮನ್ಯಾಗ ಒಂದ ಸಮನ ಅಂತಾರ," ಅಂದರು. ಒರೆಸಿ ನೋಡಿದೆ. ಕಂಪನಿಯದ್ದೇ. ಅವರು ನಾಚಿಕೊಂಡು ನೂರು ರೂಪಾಯಿ ಇಟ್ಟು ಹೋದರು. ಆಮೇಲೆ ಇನ್ನೂ ಒಂಬತ್ತು ಜನ ಬಂದರು. ಒಂಬತ್ತೂ ಸರಿ ಇದ್ದವು. ಆದರೂ ಪ್ರತಿ ಸಲ ಎಡಗೈಯಿಂದ ಬಲಗೈ ಹಿಡಿದುಕೊಂಡು ಒರೆಸುತ್ತೇನೆ. ಸತ್ತ ತಂದೆಯನ್ನು ದಿನಾ ಕಟಕಟೆಗೆ ಹತ್ತಿಸಿ ಇಳಿಸಿದ ಹಾಗಾಗಿದೆ ನನಗೆ.

ಅಪ್ಪನನ್ನು ಕೇಳುವಂತಿಲ್ಲ, ಆದ್ದರಿಂದ ನಿನ್ನನ್ನು ಕೇಳುತ್ತೇನೆ. ಅದೊಂದೇ ಆಗಿತ್ತೇ? ಇನ್ನೂ ಇವೆಯೇ? ಇದ್ದರೆ ಯಾವ ಗಾಡಿ, ಯಾರದು, ಬರೆದು ಕಳಿಸು. ನಾನೇ ಅವರ ಮನೆಗೆ ಹೋಗುತ್ತೇನೆ. ಸುಳ್ಳು ಹೇಳಿ ಸಮಾಧಾನ ಮಾಡಬೇಡ.

ನೀನು ಬರುವುದು ಬೇಡ. ನಿನ್ನ ಮುಖ ನೋಡುವಷ್ಟು ಸಿಟ್ಟು ಇಳಿದಿಲ್ಲ.

ಜೆರಾಲ್ಡ್


ಮುಂಡಗೋಡ
೧೨ ಮೇ ೨೦೨೫

ಜೆರಾಲ್ಡ್,

ಅದೊಂದೇ. ನಾನು ಮಾಮಾನ ಕೈಕೆಳಗೆ ಹದಿಮೂರು ವರ್ಷ ಇದ್ದೆ, ಆ ಹದಿಮೂರು ವರ್ಷದಲ್ಲಿ ಅದೊಂದೇ. ಅದಕ್ಕಿಂತ ಹಿಂದಿನದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಲಾರೆ. ಆದರೆ ಅವತ್ತು ಪಂಚು ಹಿಡಿದವರು ಮೊದಲು ಹಾಳು ತಗಡಿನ ಮೇಲೆ ಹತ್ತು ಸಲ ಹೊಡೆದು ನೋಡಿದರು. ಮೊದಲ ಸಲ ಮಾಡುವವನ ಕೈ ಅದು.

ಎಂಜಿನ್ ಯಾಕೆ ಒಡೆಯಿತು ಎಂಬುದು ಮುಖ್ಯವಲ್ಲ ಎಂದು ಬರೆದಿದ್ದೆ. ಅದೊಂದೇ ಮುಖ್ಯವಾಗಿತ್ತು. ಬರೆಯಲು ಧೈರ್ಯ ಬರಲಿಲ್ಲ. ಒಂದು ತಿಂಗಳು ಸುಮ್ಮನಿದ್ದದ್ದೂ ಅದಕ್ಕೇ.

ಆ ಮಳೆಗಾಲದಲ್ಲಿ ಗ್ಯಾಸ್ಕೆಟ್ ಬದಲಿಸಲಿಕ್ಕೆ ಮಾಮಾ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿಟ್ಟಿದ್ದರು. "ಇದು ಜೀಪಿನ ಎಂಜಿನ್ ಅಲ್ಲೋ ವೀರ್ಯಾ, ಒಳಗ ಪಿಸ್ಟನ್ ಓಡೂ ಕೊಳವಿ, ಲೈನರು, ಸುಮ್ನ ಕೂತಿರ್ತಾವು. ಹೆಡ್ ಇಲ್ದಾಗ ಹ್ಯಾಂಡಲ್ ತಿರುವಿದ್ರ ಎದ್ದು ನಿಲ್ತಾವು, ಬುಡದಾಗ ನೀರು ಇಳೀತೈತಿ. ಮುಟ್ಟಬ್ಯಾಡ," ಎಂದು ಹೇಳಿ ಊಟಕ್ಕೆ ಹೋದರು. ನನಗೆ ಇಪ್ಪತ್ತು ವರ್ಷ. ಅಷ್ಟೊಂದು ಜೀಪು ಬಿಚ್ಚಿದವನು ನಾನು, ಏನಾಗುತ್ತದೆ ನೋಡೋಣ ಎಂದುಕೊಂಡೆ. ಪಿಸ್ಟನ್ ಏರುವುದು ಇಳಿಯುವುದು ನೋಡಬೇಕೆನಿಸಿತು. ಎರಡು ಸುತ್ತು ತಿರುಗಿಸಿದೆ. ಲೈನರು ಎದ್ದವು. ಕೈಯಿಂದ ಒತ್ತಿ ಕೂಡಿಸಿ, ಒರೆಸಿ, ಏನೂ ಆಗದವನಂತೆ ಕುಳಿತೆ. ಮಾಮಾ ಬಂದು ನನ್ನನ್ನು ನಂಬಿ ಹೆಡ್ ಹಾಕಿದರು. ಎಂಟು ದಿನಕ್ಕೆ ನೀರು ಎಣ್ಣೆಗೆ ಸೇರಿ ಘಟ್ಟದಲ್ಲಿ ಎಲ್ಲ ಒಡೆಯಿತು.

ಲಾರಿಯಿಂದ ಕಾರು ಇಳಿಸಿದಾಗ ಅವರ ಕಾಲು ಹಿಡಿದು ಅತ್ತೆ. ನಮ್ಮಪ್ಪ ಕಾಗದ ಕಾರ್ಖಾನೆಯಲ್ಲಿ ದಿನಗೂಲಿ, ಮನೆಯಲ್ಲಿ ಮೂವರು ಅಕ್ಕಂದಿರು. ಆ ಎಂಜಿನ್ನಿನ ದಂಡ ನಮ್ಮ ಮನೆ ಮಾರಿದರೂ ತೀರುತ್ತಿರಲಿಲ್ಲ. ಯಜಮಾನರಿಗೆ ಗೊತ್ತಾದರೆ ಪೊಲೀಸರಿಗೆ ಕೊಡುತ್ತಿದ್ದರು, ಅಂಥ ಮನುಷ್ಯ. ನಾನು, "ಜೆರಾಲ್ಡಗ ಹೊಡದ ಹಂಗ ನನಗೂ ಹೊಡೀರಿ," ಅಂದೆ. ಅವರು, "ಅವಂದು ದುಡ್ಡಿನ ಆಶಾ, ನಿಂದು ತಪ್ಪು. ತಪ್ಪಿಗೆ ಹೊಡಿಯೂದಿಲ್ಲ ನಾ," ಎಂದು ನನ್ನನ್ನು ಎಬ್ಬಿಸಿದರು. ಮರುದಿನ ಸಾಂಬ್ರಾಣಿಗೆ ಹೋದೆವು.

ನಿನಗೆ ಯಾಕೆ ಹೇಳಬಾರದೆಂದರು ಎಂದು ಆಗ ತಿಳಿದಿರಲಿಲ್ಲ. ನಿನ್ನನ್ನು ಹೊಡೆದು ಊರು ಬಿಡಿಸಿ, ನನಗಾಗಿ ತಾವೇ ಸುಳ್ಳು ಮಾಡಿದರು. ನಿನ್ನ ಮುಖ ಹೇಗೆ ನೋಡುತ್ತಿದ್ದರು? ಆಮೇಲೆ ನೀನು ದಿನಾ ಅವರ ಪ್ರಾಮಾಣಿಕತೆಯ ಗುಣಗಾನ ಮಾಡುವಾಗ ನನಗೆ ಕುಳಿತಲ್ಲಿ ಕೂಡಲಾಗುತ್ತಿರಲಿಲ್ಲ. ಐದು ವರ್ಷದ ಹಿಂದೆ ದೇವರಲ್ಲ ಎಂದು ಬಾಯಿ ಬಿಟ್ಟದ್ದು ಅದಕ್ಕೇ. ಅವರನ್ನು ಅಂದದ್ದಲ್ಲ ಅದು. ನನ್ನ ಪಾಪ ನನ್ನಿಂದ ಆಡಿಸಿದ ಮಾತು. ಈಗ ಊರೆಲ್ಲ ಅವರನ್ನು ಕಳ್ಳ ಎನ್ನುತ್ತಿದೆ, ನೀನು ಎಡಗೈಯಿಂದ ಬಲಗೈ ಹಿಡಿದುಕೊಂಡು ನಂಬರು ಒರೆಸುತ್ತಿದ್ದೀ, ನಾನು ಮುಂಡಗೋಡದಲ್ಲಿ ಟಿಲ್ಲರ್ ತೊಳೆಯುತ್ತಿದ್ದೇನೆ. ಸಾಕು.

ಬರಬೇಡ ಎಂದಿದ್ದೀ, ಓದಿದ್ದೇನೆ. ಬರುವ ರವಿವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಮೊದಲು ಹಳಿಯಾಳದಲ್ಲಿ ಇಳಿದು ಗೋದುಬಾಯಿಯವರ ಕಟ್ಟೆಯ ಮುಂದೆ ನಿಂತು, ಒಡೆದವನು ನಾನು ಎಂದು ಹೇಳುತ್ತೇನೆ. ಕೇಳುವಷ್ಟು ಜನ ಅಲ್ಲಿ ಕೂಡಿದ್ದರೆ ಒಳ್ಳೆಯದು. ಅಲ್ಲಿಂದ ದಾಂಡೇಲಿಯ ಚಹದಂಗಡಿ. ಆಮೇಲೆ ನಿನ್ನ ತಗಡಿನ ಕೆಳಗೆ.

ಹೊಡೆಯಬೇಕೆನಿಸಿದರೆ ಹೊಡೆ. ನಿಮ್ಮಪ್ಪ ಅವತ್ತು ಹೊಡೆಯಲಿಲ್ಲ.

ವೀರೇಶ